ಅಜ್ಜ ಹುಟ್ಟಿದ್ದು ಯಾವ ದಡದಲ್ಲಿ?

ಇಡೀ ಸೊರೋಕಾ ಊರಿನಲ್ಲಿ ಎರಡನೆಯ ಪಾಸ್‌ಪೋರ್ಟ್ ಇಲ್ಲದ ಜೀವಿಗಳು ಎರಡೇ ಎಂದು ಇಲಾರಿಯ ಗೋಳು: ಒಂದು ಚರ್ಚಿನ ಹಿಂದೆ ಕಟ್ಟಿದ್ದ ಕತ್ತೆ, ಇನ್ನೊಂದು ತಾನು. ಕತ್ತೆಗೆ ಅದರ ಚಿಂತೆಯಿರಲಿಲ್ಲ.

ಈಗ ಮೊಲ್ಡೋವಾದಲ್ಲಿರುವ ನೀಸ್ಟರ್ ನದಿಯ ಈ ದಡ ಹಿಂದೆ ರೊಮೇನಿಯಾಕ್ಕೆ ಸೇರಿತ್ತು; ಆಚೆ ದಡ ಸೇರಿರಲಿಲ್ಲ. ಆಗ ಇಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೆ ಆ ದೇಶ ಪೌರತ್ವ ಕೊಡುತ್ತಿತ್ತು. ಮೊಲ್ಡೋವಾದ ನೀಲಿ ಪಾಸ್‌ಪೋರ್ಟಿನ ಜೊತೆ ಯುರೋಪಿಯನ್ ಒಕ್ಕೂಟದ ಆ ಕೆಂಪು ಪಾಸ್‌ಪೋರ್ಟೂ ಸಿಕ್ಕಿತೋ, ಇಟಲಿಯಲ್ಲಿ ಹಾಯಾಗಿ ಸಂಸಾರ ಹೂಡಬಹುದು. ಅಲ್ಲಿನ ಪಾದುವಾದಲ್ಲಿ ಇಲಾರಿಗೆ ಟೈಲ್ಸ್ ಹಾಕುವ ಕೆಲಸ ಕಾದಿತ್ತು. (ಅತ್ತೆ ಅಗಾಫಿಯಾಳಿಂದ ಅದು ಎರಡು ದಿನದ ದಾರಿ ಎಂಬುದೂ ಆ ಊರಿನ ಒಂದು ವಿಶೇಷ ಗುಣ.)

"ನಮ್ಮ ತೆರೆಂತಿ ಅಜ್ಜ ರೊಮೇನಿಯಾ ಮಹಾರಾಜರ ಪ್ರಜೆ ಕಣೇ! ನಮ್ಮ ವಂಶದ ಬಲದಿಂದಲೇ ನಿಮ್ಮನ್ನೆಲ್ಲ ದಾಟಿಸ್ತೀನಿ," ಎಂದ ಇಲಾರಿ ಊಟಕ್ಕೆ ಕೂತು.

"ಅಮ್ಮನ ಕಡೆಯಿಂದಲೂ ಅರ್ಜಿ ಹಾಕ್ಬಹುದು," ಎಂದಳು ಹೆಂಡತಿ ಪರಾಸ್ಕಿವಾ.

"ಮನೆ ಯಜಮಾನ ನಾನೋ, ನಿಮ್ಮಮ್ಮನೋ?"

ಅಗಾಫಿಯಾ ಮೆಕ್ಕೆಜೋಳದ ಮುದ್ದೆಯನ್ನು ದಾರದಿಂದ ಕತ್ತರಿಸಿ ಅವನ ತಟ್ಟೆಗಿಟ್ಟಳು. "ಅಯ್ಯೋ, ನೀವೇ ಅಳಿಯಂದ್ರೆ. ಯಾರು ಇಲ್ಲ ಅಂದ್ರು?"

ಇಲಾರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಾಖಲೆ ಕಚೇರಿಗೆ ದಂಡಯಾತ್ರೆ ಹೊರಟ. ಅಲ್ಲಿನ ಹೆಂಗಸು ಹಳೇ ಪುಸ್ತಕ ತಿರುವಿ, "ನಿಮ್ಮಜ್ಜ ಆಚೆ ದಡದೋರು. ಮಹಾಯುದ್ಧ ಮುಗಿದ ಮೇಲೆ ಟ್ರ್ಯಾಕ್ಟರ್ ಓಡಿಸೋಕೆ ಇಲ್ಲಿಗೆ ಬಂದಿದ್ದು. ಪೌರತ್ವ ಸಿಗಲ್ಲ," ಎಂದಳು.

"ಆಚೆ ದಡ ಅಂದ್ರೆ ದೋಣೀಲಿ ಹತ್ತು ನಿಮಿಷ! ಅಷ್ಟಕ್ಕೇ ಇಷ್ಟು ರಂಪಾನಾ?"

"ಆ ಹತ್ತು ನಿಮಿಷ ನಿಮ್ಮಜ್ಜನ ತಂದೆಯೋರು, ಅಜ್ಜ ಹುಟ್ಟೋಕೆ ಮೊದಲೇ ದಾಟ್ಬೇಕಿತ್ತು."

ಇಲಾರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರು ದಿನ ಮುಖ ಊದಿಸಿಕೊಂಡು ಕೂತ. ನಾಲ್ಕನೆಯ ದಿನ ಪಾದುವಾದ ಮೇಸ್ತ್ರಿ ಫೋನ್ ಮಾಡಿ, ಈ ತಿಂಗಳು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಇಲಾರಿ ಅಭಿಮಾನವನ್ನು ಕಷಾಯದಂತೆ ನುಂಗಿ ಅತ್ತೆಯ ಮುಂದೆ ನಿಂತ.

"ಅತ್ತೇ, ನಿಮ್ಮಪ್ಪ ಹುಟ್ಟಿದ್ದೆಲ್ಲಿ?"

"ಈ ಕೋಣೇಲೇ."

ಅವಳು ಎದ್ದುಹೋಗಿ ಸಂತರ ಪಟದ ಹಿಂದಿನಿಂದ ಒಂದು ಗಂಟು ತಂದು ಬಿಚ್ಚಿದಳು. ಒಳಗೆ ನಾಲ್ಕು ಕೆಂಪು ಪಾಸ್‌ಪೋರ್ಟು! ಅವಳದು, ಪರಾಸ್ಕಿವಾಳದು, ಮಕ್ಕಳಿಬ್ಬರದು.

"ಹೋದ ವರ್ಷವೇ ಬಂದ್ವು. ನೀವು ವಂಶ ಹೊಗಳ್ಕೋತಾ ಇದ್ರಿ, ಮಧ್ಯೆ ಬಾಯಿ ಹಾಕ್ಬಾರ್ದು ಅಂತ ಸುಮ್ನಿದ್ದೆ."

"ನನ್ನ ಸಹಿ ಇಲ್ಲದೆ ಮಕ್ಕಳಿಗೆ ಹೆಂಗೆ ಕೊಟ್ರು?"

"ನೀನೇ ಹಾಕಿದ್ಯಲ್ಲ, ಸ್ಕೂಲಿನ ಕಾಗದ ಅಂತ ಓದ್ದೇನೇ," ಎಂದಳು ಪರಾಸ್ಕಿವಾ. "ಗಂಡನಾದ ನಿನ್ನನ್ನೂ ಜೊತೇಲಿ ಇಟ್ಕೋಬಹುದಂತೆ. ವಿಚಾರಿಸಿದೀನಿ."

"ಮಕ್ಕಳನ್ನ ನೋಡ್ಕೊಳ್ಳೋರು ಬೇಡ್ವೇ? ನಾನೂ ಬರ್ತೀನಿ," ಎಂದಳು ಅಗಾಫಿಯಾ.

ವಾರದೊಳಗೆ ಹೊರಟರು. ಗಡಿಯಲ್ಲಿ ರೊಮೇನಿಯಾದ ಅಧಿಕಾರಿ ವ್ಯಾನಿನೊಳಗೆ ತಲೆ ಹಾಕಿದ. ಇಲಾರಿ ಎದೆಯುಬ್ಬಿಸಿ, "ಸಂಸಾರ ಸಮೇತ ಪಾದುವಾಕ್ಕೆ ಹೊರಟಿದೀನಿ ಸಾರ್. ಇವ್ರೆಲ್ಲ ನನ್ನೋರು," ಎಂದ.

ಅಧಿಕಾರಿ ನಾಲ್ಕು ಕೆಂಪು ಪಾಸ್‌ಪೋರ್ಟುಗಳನ್ನು ನೋಡಿ, ನೀಲಿಯದನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತ. "ಇವ್ರೆಲ್ಲ ನಮ್ಮೋರು ಕಣ್ರೀ. ನೀವು ಯಾರ ಕಡೆಯೋರು?"

ಮುಂದಿನ ಸೀಟಿನಿಂದ ಅಗಾಫಿಯಾ ತಲೆವಸ್ತ್ರ ಸರಿಮಾಡಿಕೊಂಡು ತಿರುಗಿದಳು. ಅಳಿಯನ ಬಗ್ಗೆ ಅಷ್ಟು ಹೆಮ್ಮೆಯಿಂದ ಅವಳು ಎಂದೂ ಮಾತಾಡಿದವಳಲ್ಲ.

"ನನ್ನ ಕಡೆಯೋನೇ ಸಾರ್. ಕರ್ಕೊಂಡು ಹೋಗ್ತಿದೀನಿ."