ಹದಿನಾಲ್ಕನೇ ಮಂಚಕ್ಕೆ ಮನೆ ನಂಬರು

ಅಂಗವಿಕಲರು ಆರೈಕೆ ಕೇಂದ್ರದಲ್ಲಲ್ಲ, ತಮ್ಮ ಮನೆಯಲ್ಲಿ ಬಾಳಬೇಕೆಂಬುದು ಸರ್ಕಾರದ ನೀತಿ. ಒಬ್ಬರನ್ನೂ ಮಂಚದಿಂದ ಅಲುಗಾಡಿಸದೆ ನಮ್ಮ ಕೇಂದ್ರ ಅದನ್ನು ಒಂದೇ ದಿನದಲ್ಲಿ ಜಾರಿಗೆ ತಂದಿದೆ ಎಂದು ತಿಳಿಸಲು ಇಲ್ಲಿನ ಗುಮಾಸ್ತನಾದ ನನಗೆ ಹೆಮ್ಮೆಯಿದೆ.

ಇದಕ್ಕೆಲ್ಲ ಕಾರಣ ಹದಿನಾಲ್ಕನೇ ಮಂಚದ ಹೊಲಿಗೆಯಕ್ಕ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಆರು ವರ್ಷವಾದರೂ ಕೈ, ಕಣ್ಣು, ನಾಲಿಗೆ ಮೂರೂ ಚುರುಕು. ತಂಗಿಯ ಮನೆಯ ಪಕ್ಕದ ಕೋಣೆಗೆ ಹೋಗುತ್ತೇನೆ, ದಿನಕ್ಕೆರಡು ಗಂಟೆ ಒಬ್ಬ ಸಹಾಯಕಿಯನ್ನು ಕಳಿಸಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅರ್ಜಿ ಹಾಕಿದರು. ತಂಗಿ ಆಗಲೇ ಬಾಗಿಲು ಅಗಲ ಮಾಡಿಸಿ, ಗಾಲಿಕುರ್ಚಿಗೆ ಇಳಿಜಾರು ಹಾಕಿಸಿ, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಕೂತಿದ್ದಳು. ಇಷ್ಟು ಅವಸರ ಯಾವ ಕಚೇರಿಗೂ ಒಳ್ಳೆಯದಲ್ಲ.

ಅರ್ಜಿ ಹನ್ನೊಂದು ಮೇಜು ಸುತ್ತಿತು. ಸಹಾಯಕಿಯನ್ನು ಹೊರಗೆ ಕಳಿಸಲು ನಿಯಮವಿಲ್ಲ. ಮಂಚ ಖಾಲಿಯಾದರೆ ಅನುದಾನವಿಲ್ಲ. ಆದರೆ ಮನೆಯಲ್ಲಿರುವುದು ಆಕೆಯ ಹಕ್ಕು, ಅದನ್ನು ತಳ್ಳಿಹಾಕುವಂತಿಲ್ಲ. ಈ ಕಗ್ಗಂಟು ಬಿಡಿಸಿದವರು ನಮ್ಮ ಮೇಲ್ವಿಚಾರಕರು. ಮಂಗಳವಾರ ಸುತ್ತೋಲೆ ಹೊರಬಿತ್ತು:

"ಇಂದಿನಿಂದ ಪ್ರತಿ ಮಂಚವೂ ಒಂದು ಮನೆ. ವಾರ್ಡನ್ನು ಬೀದಿಯೆಂದೂ ಸಿಬ್ಬಂದಿಯನ್ನು ನೆರೆಹೊರೆಯವರೆಂದೂ ಭಾವಿಸತಕ್ಕದ್ದು. ಬೀದಿ ದೀಪ ಎಂದಿನಂತೆ ಎಂಟಕ್ಕೆ ಆರತಕ್ಕದ್ದು."

ಮಧ್ಯಾಹ್ನದೊಳಗೆ ಮಂಚಗಳಿಗೆ ಮನೆ ನಂಬರು ಬಿತ್ತು. ಮನೆ ಎಂದಮೇಲೆ ಕರೆಗಂಟೆ ಬೇಡವೇ? ಆಯಾಳನ್ನು ಕರೆಯಲು ದಿಂಬಿನ ಪಕ್ಕದಲ್ಲಿದ್ದ ಗುಂಡಿಯನ್ನೇ ಕಿತ್ತು ಮಂಚದ ಕಾಲ್ದೆಸೆಗೆ, ಅಂದರೆ ಮುಂಬಾಗಿಲಿಗೆ, ಕೂರಿಸಲಾಯಿತು. ಅಲ್ಲಿಗೆ ಹೊಲಿಗೆಯಕ್ಕನ ಕೈ ಎಟುಕುವುದಿಲ್ಲ.

"ಮಗ್ಗುಲು ಬದಲಿಸಬೇಕಂದ್ರೆ ನಾನು ಹೇಗೆ ಕರೀಲಿ?" ಎಂದು ಕೇಳಿದರು.

"ಅಲ್ಲಮ್ಮಾ, ತಮ್ಮ ಮನೇಲಿ ತಾವೇ ಯಾರಾದ್ರೂ ಬೆಲ್ ಒತ್ತುತ್ತಾರಾ?" ಎಂದರು ಮೇಲ್ವಿಚಾರಕರು, ಅಕ್ಕರೆಯಿಂದಲೇ.

ಅಕ್ಕನನ್ನು ಮನೆಗೆ ಕಳಿಸಲಾಗಿದೆ ಎಂದು ತಂಗಿಗೆ ಪತ್ರ ಹೋಯಿತು. ಪಾಪ, ಅವಳು ಇಡೀ ದಿನ ಬಾಗಿಲು ತೆರೆದಿಟ್ಟು ಕಾದಳಂತೆ. ಮರುದಿನ ಕೋಣೆಯ ಬೀಗದ ಕೈ ಹಿಡಿದು, ಅಕ್ಕ ದಾರಿಯಲ್ಲಿ ಎಲ್ಲಿ ಬಿದ್ದಳೋ ಎಂದು ಅಳುತ್ತಾ ಬಂದಳು. ನಾನು ಮನೆ ನಂಬರ್ ಹದಿನಾಲ್ಕನ್ನು ತೋರಿಸಿದೆ.

"ನನ್ನ ಮನೆಗೇ ಕರ್ಕೊಂಡು ಹೋಗ್ತೀನಿ ಸಾರ್" ಎಂದಳು.

"ಕೇಂದ್ರದಿಂದ ಮನೆಗೆ ಹೋಗೋರಿಗೆ ನಮೂನೆ ಇದೆಯಮ್ಮಾ. ಇವರು ಕೇಂದ್ರದಲ್ಲೇ ಇಲ್ವಲ್ಲ" ಎಂದರು ಮೇಲ್ವಿಚಾರಕರು.

ಹಾಗಾಗಿ, ಮನೆಗೆ ಹೋಗುವ ಆಸೆಯಿಂದ, ನನ್ನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿಕೊಳ್ಳಿ ಎಂದು ಹೊಲಿಗೆಯಕ್ಕ ಹೊಸ ಅರ್ಜಿ ಬರೆದರು. ಕೇಂದ್ರದಲ್ಲಿ ಈಗ ಮಂಚಗಳೇ ಇಲ್ಲ, ಎಲ್ಲವೂ ಮನೆಗಳಾಗಿವೆ ಎಂದು ನಾನೇ ಹಿಂಬರಹ ಬರೆದು, ಶಿಷ್ಟಾಚಾರದಂತೆ ಬೆಲ್ ಒತ್ತಿ, ಕೈಗೆ ಕೊಟ್ಟುಬಂದೆ.

ಈಗ ತಂಗಿ ದಿನಾ ಬಂದು ಎರಡು ಗಂಟೆ ಇರುತ್ತಾಳೆ. ಅವಳು ಬೆಲ್ ಒತ್ತಿದರೆ ಆಯಾ ಬರುತ್ತಾಳೆ, ಇಬ್ಬರೂ ಸೇರಿ ಅಕ್ಕನ ಮಗ್ಗುಲು ಬದಲಿಸುತ್ತಾರೆ. ವಾರ್ಷಿಕ ವರದಿಯಲ್ಲಿ ಇದನ್ನು 'ನೆರೆಹೊರೆಯ ನೆರವು' ಎಂದು ನಮೂದಿಸಿದ್ದೇನೆ. ತಂಗಿ ತಂದ ಬೀಗದ ಕೈ ಮಂಚದ ಕಂಬಿಗೆ ನೇತಾಡುತ್ತಿದೆ. ಮನೆಯೆಂದಮೇಲೆ ಅದೂ ಒಂದಿರಲಿ ಎಂದು ಯಾರೂ ಆಕ್ಷೇಪಿಸಿಲ್ಲ.