ಮಗಳ ಮೊಬೈಲಿಗೆ ಹೋದ ಯೂ-ಟರ್ನ್

ನಿಯಮ ಪಾಲಿಸುವವರನ್ನು ಈ ಊರಿನಲ್ಲಿ ಯಾರೂ ಮಾತನಾಡಿಸುವುದಿಲ್ಲ ಎಂಬುದು ನನಗೆ ಅರವತ್ತಮೂರು ತುಂಬಿದ ಮೇಲೆ ತಿಳಿಯಿತು. ಲೋಕಲ್ ಟ್ರೇನಿನಲ್ಲಿ ಟಿಕೆಟ್ ಇದ್ದವನ ಮುಖವನ್ನು ಟಿಸಿ ಸರಿಯಾಗಿ ನೋಡುವುದೂ ಇಲ್ಲ. ಇಲ್ಲದವನನ್ನಾದರೆ ಪಕ್ಕಕ್ಕೆ ಕರೆದು, ಹೆಸರೇನು, ಎಲ್ಲಿ ಹತ್ತಿದೆ, ಎಲ್ಲಿ ಕೆಲಸ ಎಂದು ಹತ್ತು ನಿಮಿಷ ವಿಚಾರಿಸುತ್ತಾನೆ. ನಮ್ಮ ಸೊಸೈಟಿಯಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಡಬ್ಬಿಯಲ್ಲಿ ಇಡುವ ನನ್ನ ಬಾಗಿಲನ್ನು ಸೆಕ್ರೆಟರಿ ಇವತ್ತಿನವರೆಗೆ ತಟ್ಟಿಲ್ಲ. ಎದುರು ಮನೆಯವರು ಎಲ್ಲವನ್ನೂ ಒಟ್ಟಿಗೆ ಬೆರೆಸಿ ಇಡುತ್ತಾರೆ. ಅವರಲ್ಲಿಗೆ ಸೆಕ್ರೆಟರಿ ವಾರಕ್ಕೆರಡು ಸಲ ಹೋಗಿ, ಬುದ್ಧಿ ಹೇಳಿ, ಚಹಾ ಕುಡಿದು ಬರುತ್ತಾರೆ. ಆ ಚಹಾದ ವಾಸನೆ ನನ್ನ ಮನೆಯವರೆಗೂ ಬರುತ್ತದೆ.

ನಾನಾದರೋ ಮೊದಲಿನಿಂದಲೂ ನಿಯಮದ ಮನುಷ್ಯ. ಉಡುಪಿ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದವನು, ಎರಡು ವರ್ಷ ಮಾವನ ಹೋಟೆಲಿನಲ್ಲಿ ಇಡ್ಲಿ ಕೊಟ್ಟು, ಆಮೇಲೆ ಭಿವಂಡಿಯ ಗೋದಾಮೊಂದರಲ್ಲಿ ಲಾರಿಗಳಿಗೆ ಗೇಟ್ ಪಾಸ್ ಬರೆಯುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದೆ. ಲೈಸೆನ್ಸು, ಇನ್ಶೂರೆನ್ಸು, ಹಿಂಬದಿಯ ಕೆಂಪು ದೀಪ, ಇಷ್ಟನ್ನೂ ನೋಡದೆ ಯಾವ ಲಾರಿಯನ್ನೂ ಗೇಟು ದಾಟಲು ಬಿಡುತ್ತಿರಲಿಲ್ಲ. ಡ್ರೈವರುಗಳು ನನ್ನನ್ನು ‘ರೂಲ್‌ಸಾಬ್’ ಎಂದು ಕರೆಯುತ್ತಿದ್ದರು. ಗೌರವದಿಂದ ಕರೆಯುತ್ತಾರೆಂದು ಬಹಳ ವರ್ಷ ನಂಬಿದ್ದೆ. ಮನೆಯಲ್ಲೂ ಇದೇ ಕಥೆ. ಸ್ಕೂಟರಿನ ಹಿಂದೆ ಕೂತ ಹೆಂಡತಿ, ‘ರಸ್ತೆ ಖಾಲಿ ಉಂಟಲ್ಲ ಮಾರಾಯ್ರೇ, ತಿರುಗಿಸಿ’ ಎಂದರೂ ನಾನು ಮುಂದಿನ ಸಿಗ್ನಲ್‌ವರೆಗೆ ಹೋಗಿಯೇ ತಿರುಗಿಸುತ್ತಿದ್ದೆ. ಅವಳು ಹೋಗಿ ಎರಡು ವರ್ಷವಾಯಿತು. ಈಗ ಸಾನಪಾಡಾದ ಎರಡನೇ ಮಹಡಿಯ ಮನೆಯಲ್ಲಿ ನಾನು, ಟಿವಿ, ಮತ್ತು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಕೂಗುವ ಕುಕ್ಕರು, ಮೂವರೇ ಇದ್ದೇವೆ.

ಮಗಳು ಅಕ್ಷತಾ ಇರುವುದು ಡೊಂಬಿವಲಿಯಲ್ಲಿ. ದೂರವೇನಲ್ಲ, ಠಾಣೆಯಲ್ಲಿ ಟ್ರೇನು ಬದಲಿಸಿದರೆ ಒಂದು ಗಂಟೆ, ಒಂದೂಕಾಲು ಗಂಟೆ. ಆದರೆ ಅವಳಿಗೆ ಆಫೀಸು, ಅತ್ತೆ, ಇಬ್ಬರು ಮಕ್ಕಳು, ಮಕ್ಕಳ ಟ್ಯೂಷನ್ನು. ಮೊದಮೊದಲು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಆಮೇಲೆ ಭಾನುವಾರ ಬಿಟ್ಟು ಭಾನುವಾರ. ಆಮೇಲೆ ವಾಟ್ಸಾಪಿನಲ್ಲಿ ಸೂರ್ಯ, ಗುಲಾಬಿ ಹೂವು ಮತ್ತು ‘ಸುಪ್ರಭಾತ್’. ನಾನಾಗಿ ಫೋನ್ ಮಾಡುತ್ತಿರಲಿಲ್ಲ. ಕೆಲಸದಲ್ಲಿರುತ್ತಾಳೆ, ಟ್ರೇನಿನಲ್ಲಿ ನೇತಾಡುತ್ತಿರುತ್ತಾಳೆ, ಯಾಕೆ ತೊಂದರೆ ಎಂಬುದು ನಾನು ಕೊಡುತ್ತಿದ್ದ ಕಾರಣ. ನಿಜವೇನೆಂದರೆ, ಫೋನ್ ಮಾಡಿ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಡಯಲ್ ಮಾಡುವುದು, ಮಾತನಾಡುವುದು ಎಲ್ಲ ಹೆಂಡತಿಯ ಖಾತೆ. ಕೊನೆಗೆ ಅವಳು ಫೋನನ್ನು ನನ್ನ ಕಿವಿಗಿಡುತ್ತಿದ್ದಳು. ನಾನು ‘ಹ್ಞೂಂ, ಆರಾಮ’ ಎಂದು ವಾಪಸ್ ಕೊಡುತ್ತಿದ್ದೆ.

ಹೀಗಿರುವಾಗ ಒಂದು ದಿನ ವಾಶಿಯ ಮಂಗಳೂರು ಸ್ಟೋರಿಗೆ ಕುಚ್ಚಲಕ್ಕಿ ತರಲು ಸ್ಕೂಟರಿನಲ್ಲಿ ಹೋದೆ. ಅಂಗಡಿಯವನು ಹೆಂಡತಿ ಇದ್ದಾಗಿನ ರೂಢಿಯಂತೆ ಹತ್ತು ಕಿಲೋದ ಚೀಲ ಎತ್ತಿಟ್ಟ. ‘ಎರಡು ಕಿಲೋ ಸಾಕು’ ಎಂದೆ. ‘ಎರಡಾ?’ ಎಂದು ಅವನು ನನ್ನ ಮುಖ ನೋಡಿದ. ಆ ‘ಎರಡಾ’ ಎಂಬುದು ದಾರಿಯುದ್ದಕ್ಕೂ ನನ್ನ ತಲೆಯಲ್ಲಿತ್ತು. ಮನೆ ಹತ್ತಿರದ ರಸ್ತೆಯಲ್ಲಿ ಡಿವೈಡರಿನ ನಡುವೆ ಒಂದು ಕಂಡಿ ಇದೆ. ಅಲ್ಲಿ ಬಾಗಿದ ಬಾಣಕ್ಕೆ ಅಡ್ಡಗೆರೆ ಎಳೆದ ಬೋರ್ಡನ್ನೂ, ಅದರ ಮೇಲೊಂದು ಕ್ಯಾಮೆರಾವನ್ನೂ ಹಾಕಿದ್ದಾರೆ. ಸರಿಯಾದ ತಿರುವು ಇರುವುದು ಇನ್ನೂ ಮುಂದೆ, ಫ್ಲೈಓವರ್ ದಾಟಿ. ಇದೆಲ್ಲ ಗೊತ್ತಿದ್ದ ರೂಲ್‌ಸಾಬ್ ನಾನು ಅಂದು ಹೆಂಡತಿ ಹಿಂದಿನಿಂದ ‘ತಿರುಗಿಸಿ’ ಎಂದಳೇನೋ ಎಂಬಂತೆ ಅಲ್ಲೇ ತಿರುಗಿಸಿಬಿಟ್ಟೆ.

ನಾಲ್ಕು ದಿನವಾದ ಮೇಲೆ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಅಕ್ಷತಾಳ ಫೋನು. ಬುಧವಾರ! ಮೊಮ್ಮಕ್ಕಳಿಗೆ ಏನಾಯಿತೋ ಎಂದು ಗಾಬರಿಬಿದ್ದು ಎತ್ತಿದೆ. ‘ಪಪ್ಪಾ, ಯೇ ಕ್ಯಾ ಕಿಯಾ ಆಪ್‌ನೇ? ಯೂ-ಟರ್ನ್ ಮಾರಾ?’ ಎಂದಳು, ಇದೇನು ಮಾಡಿದಿರಿ ಎಂದು. ಇವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಕ್ಯಾಲೆಂಡರಿನ ದೇವರನ್ನು ನೋಡಿದೆ. ವಿಷಯ ಇಷ್ಟೇ: ಸ್ಕೂಟರು ಕೊಂಡಾಗ ಫಾರ್ಮು ತುಂಬಿದವಳು ಅವಳು. ‘ನಿಮಗೆ ಒಟಿಪಿ ನೋಡಲು ಬರುವುದಿಲ್ಲ’ ಎಂದು ತನ್ನದೇ ಮೊಬೈಲ್ ನಂಬರ್ ಹಾಕಿದ್ದಳು. ನಮ್ಮ ಗ್ಯಾಸು, ಲೈಟ್ ಬಿಲ್ಲು, ಆಧಾರು, ಎಲ್ಲಕ್ಕೂ ಅವಳದೇ ನಂಬರು. ಹೀಗಾಗಿ ತಪ್ಪು ನನ್ನದು, ಚಲನ್ ಅವಳಿಗೆ, ಜೊತೆಗೆ ಫೋಟೋ.

ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅಕ್ಷತಾ ಮಾತನಾಡುವುದು ಹಿಂದಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಸಿಟ್ಟು ಬಂದಾಗ ಮಾತ್ರ ತಾಯಿಯ ತುಳು ಬರುತ್ತದೆ. ಐನೂರು ರೂಪಾಯಿ ದಂಡ, ಮತ್ತೆ ಅದೇ ತಪ್ಪು ಮಾಡಿದರೆ ಸಾವಿರದ ಐನೂರು ಎಂದು ಹಿಂದಿಯಲ್ಲಿ ವಿವರಿಸಿದವಳು ಕೊನೆಗೆ, ‘ಪಪ್ಪಾ, ಈರೆಗ್ ಮಂಡೆ ಸಮ ಉಂಡಾ?’ ಎಂದಳು. ನಿಮಗೆ ತಲೆ ಸರಿಯಿದೆಯಾ ಎಂದು. ಅದೇ ಎಳೆತ, ‘ಮಂಡೆ’ಯ ಮೇಲೆ ಅದೇ ಒತ್ತು. ಹೆಂಡತಿ ಅಡುಗೆಮನೆಯಿಂದ ಕೇಳಿದ ಹಾಗೇ ಇತ್ತು. ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಆಮೇಲೆ ಅವಳು ಫೋಟೋದಲ್ಲಿ ಸೊರಗಿದಂತೆ ಕಾಣುತ್ತೀರಿ, ಆ ಕಾಲರ್ ಹರಿದ ಷರ್ಟು ಇನ್ನೂ ಯಾಕಿದೆ, ಬಿಪಿ ಗುಳಿಗೆ ತಗೊಂಡಿರಾ ಎಂದೆಲ್ಲ ಕೇಳಿದಳು. ಒಟ್ಟು ಇಪ್ಪತ್ತೆರಡು ನಿಮಿಷ. ವರ್ಷದಲ್ಲೇ ಅಷ್ಟು ಮಾತನಾಡಿರಲಿಲ್ಲ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೂರು ವಾರ ಸೂರ್ಯ, ಗುಲಾಬಿ ನೋಡಿ ಸಾಕಾಗಿ, ಒಂದು ಬೆಳಗ್ಗೆ ಗಡ್ಡ ತೆಗೆದು, ಇಸ್ತ್ರಿ ಮಾಡಿದ ತಿಳಿನೀಲಿ ಷರ್ಟು ತೊಟ್ಟು, ಸ್ಕೂಟರು ಹತ್ತಿ ಹೋಗಿ, ಅದೇ ಕಂಡಿಯಲ್ಲಿ ನಿಧಾನವಾಗಿ ತಿರುಗಿಸಿದೆ. ಸೊರಗಿದಂತೆ ಕಾಣಬಾರದೆಂದು ಕ್ಯಾಮೆರಾ ಕಡೆ ಮುಖವೆತ್ತಿ ಸ್ವಲ್ಪ ನಕ್ಕೆ. ಎದುರಿನಿಂದ ಬಂದ ರಿಕ್ಷಾದವನು ಬ್ರೇಕು ಹೊಡೆದು ನನ್ನ ಇಡೀ ವಂಶವನ್ನು ನೆನೆದ. ಶುಕ್ರವಾರ ಫೋನು ಬಂತು. ‘ಆಪ್ ಹಸ್ ರಹೇ ಹೋ ಫೋಟೋ ಮೇ?’, ಫೋಟೋದಲ್ಲಿ ನಗುತ್ತಿದ್ದೀರಾ, ಎಂದು ಶುರುವಾಗಿ ತುಳುವಿಗೆ ಬಂದು ನಿಂತಿತು. ಆ ಸಲ ಮಂಡೆಯ ಜೊತೆಗೆ ನನ್ನ ಪ್ರಾಯದ ಪ್ರಸ್ತಾಪವೂ ಇತ್ತು. ಫೋನಿಟ್ಟ ಮೇಲೆ ನಾನು ಎರಡು ಸಲ ಅನ್ನ ಬಡಿಸಿಕೊಂಡು ಉಂಡೆ.

ಮೂರನೆಯ ಸಲ ಕ್ಯಾಮೆರಾಕ್ಕಿಂತ ಮೊದಲೇ ಟ್ರಾಫಿಕ್ ಪೊಲೀಸ್ ಹೆಣ್ಣುಮಗಳೊಬ್ಬಳು ಕೈ ಅಡ್ಡ ಹಿಡಿದಳು. ಅಕ್ಷತಾಳಿಗಿಂತ ಚಿಕ್ಕವಳು. ‘ಕಾಕಾ, ಬೋರ್ಡ್ ದಿಸತ್ ನಾಹೀ ಕಾ?’ ಎಂದಳು. ಕಾಣಿಸುತ್ತದೆ ಎಂದೆ. ಕೈಯಲ್ಲಿದ್ದ ಯಂತ್ರದಲ್ಲಿ ಸ್ಕೂಟರಿನ ನಂಬರ್ ಒತ್ತಿ, ಹಳೆಯದನ್ನೆಲ್ಲ ನೋಡಿ, ‘ಇದೇ ಜಾಗ, ಎರಡು ಸಲ. ಘರ್ ಮೇ ಕೋಯಿ ಬೋಲ್‌ನೇವಾಲಾ ನಹೀ ಹೈ ಕ್ಯಾ?’ ಎಂದಳು. ಮನೆಯಲ್ಲಿ ಹೇಳುವವರು ಯಾರೂ ಇಲ್ಲವಾ ಎಂದು ಎಲ್ಲರಿಗೂ ಬೈಯುವ ಬೈಗುಳ ಅದು, ಉತ್ತರ ಬಯಸುವ ಪ್ರಶ್ನೆಯಲ್ಲ. ನಾನು ಮಾತ್ರ ‘ನಹೀ’ ಎಂದು ಉತ್ತರ ಕೊಟ್ಟುಬಿಟ್ಟೆ.

ಅವಳು ಯಂತ್ರವನ್ನು ಜೇಬಿಗೆ ಹಾಕಿಕೊಂಡು, ‘ಜಾವೋ ಕಾಕಾ, ಈ ಸಲ ಬಿಟ್ಟಿದ್ದೇನೆ. ಇನ್ನೊಂದು ಸಲ ಸಿಕ್ಕಿದರೆ ಲೈಸೆನ್ಸೇ ಹೋಗುತ್ತದೆ’ ಎಂದಳು. ನನಗೆ ದಿಗಿಲಾಯಿತು. ಚಲನ್ ಇಲ್ಲವೆಂದರೆ ಮೆಸೇಜಿಲ್ಲ, ಮೆಸೇಜಿಲ್ಲವೆಂದರೆ ಫೋನಿಲ್ಲ. ‘ಹಾಕಿ ಮೇಡಂ, ತಪ್ಪು ನನ್ನದೇ’ ಎಂದೆ. ‘ಬಿಟ್ಟೆ ಅಂದೆನಲ್ಲ.’ ‘ಇಲ್ಲ ಮೇಡಂ, ನಿಯಮ ಎಂದರೆ ನಿಯಮ, ದಯವಿಟ್ಟು ಹಾಕಿ.’ ದಂಡ ಹಾಕಿ ಎಂದು ಬೇಡುವವನನ್ನು ಅವಳು ಈ ಮೊದಲು ಕಂಡಿರಲಿಲ್ಲವೆಂದು ತೋರುತ್ತದೆ. ಕಣ್ಣು ಕಿರಿದು ಮಾಡಿ, ಬೆಳಗಿನ ಹತ್ತೂವರೆಗೆ, ಕುಡಿದವರನ್ನು ಹಿಡಿಯುವ ಕೊಳವೆಯನ್ನು ನನ್ನ ಬಾಯಿಗೆ ಹಿಡಿದು ‘ಫೂಂಕೋ’ ಎಂದಳು. ಬದುಕಿನಲ್ಲಿ ಪಾನಕ ಬಿಟ್ಟು ಬೇರೆ ಮುಟ್ಟದ ನಾನು ಬಸ್‌ಸ್ಟಾಪಿನ ಜನರೆದುರು ಕೆನ್ನೆ ಉಬ್ಬಿಸಿ ಊದಿದೆ. ಯಂತ್ರ ನನ್ನನ್ನು ನಿರ್ದೋಷಿಯೆಂದು ಸಾರಿತು. ಬರಿಗೈಯಲ್ಲಿ ಮನೆಗೆ ಬಂದೆ.

ಆಮೇಲೆ ಒಂದು ತಿಂಗಳು ಏನಿಲ್ಲ. ಒಂದು ಸಂಜೆ ಅಕ್ಷತಾ ವಾಟ್ಸಾಪಿನಲ್ಲಿ, ‘ಪಪ್ಪಾ, ನಿಮ್ಮ ಮೊಬೈಲಿಗೆ ಒಟಿಪಿ ಬಂದಿದೆ, ಕಳಿಸಿ’ ಎಂದಳು. ನಿಯಮದವನಲ್ಲವೇ, ಕೇಳಿದ ತಕ್ಷಣ ಆರು ಅಂಕಿ ಕಳಿಸಿದೆ. ಕಳಿಸಿದ ಮೇಲೆ ಅವಳ ದನಿಯ ಸಣ್ಣ ಮೆಸೇಜು ಬಂತು. ಇನ್ನು ಸ್ಕೂಟರಿನ ಚಲನ್ ನೇರ ನಿಮ್ಮ ಮೊಬೈಲಿಗೇ ಬರುತ್ತದೆ, ಟೆನ್ಶನ್ ಬೇಡ, ಎಂದು. ಅದನ್ನು ಐದಾರು ಸಲ ಕೇಳಿದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ತುಳುವೂ ಇರಲಿಲ್ಲ.

ಮೊನ್ನೆ ಭಾನುವಾರ ಸಂಜೆ ನಾಲ್ಕಕ್ಕೆ, ಬದುಕಿನಲ್ಲೇ ಮೊದಲ ಸಲ, ನಾನಾಗಿ ಅವಳಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ‘ಪಪ್ಪಾ! ಕ್ಯಾ ಹುವಾ? ಗಿರ್ ಗಯೇ ಕ್ಯಾ?’ ಬುಧವಾರದ ಅವಳ ಫೋನಿಗೆ ನಾನು ಗಾಬರಿಬಿದ್ದಿದ್ದೆನಲ್ಲ, ಅದೇ ಗಾಬರಿ ಅವಳ ದನಿಯಲ್ಲಿತ್ತು. ಬಿದ್ದಿಲ್ಲ, ಆರಾಮ ಎಂದೆ. ‘ಫಿರ್ ಫೋನ್ ಕ್ಯೂಂ ಕಿಯಾ?’ ಎಂದಳು. ಯಾಕೆ ಮಾಡಿದೆ? ಬೆಳಗಿನಿಂದ ಉತ್ತರ ತಯಾರು ಮಾಡಿಕೊಂಡಿದ್ದೆ, ಬಾಯಿಗೆ ಬರಲಿಲ್ಲ. ಮನಸ್ಸು ಹುಡುಕಿ ಹುಡುಕಿ ಸಿಕ್ಕಿದ ಒಂದೇ ಕಾರಣವನ್ನು ಹೇಳಿದೆ. ‘ಚಲನ್ ಬಂತು ಮಗಾ. ಅದೇ ಜಾಗ. ಯೂ-ಟರ್ನ್.’

‘ಪಪ್ಪಾ! ಈರೆಗ್ ಮಂಡೆ ಸಮ ಉಂಡಾ?’

ಕುರ್ಚಿಗೆ ಒರಗಿ, ಕಾಲು ಚಾಚಿ, ಪೂರ್ತಿ ಕೇಳಿಸಿಕೊಂಡೆ. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ಕೊನೆಗೆ ಅವಳು ತಣ್ಣಗಾಗಿ, ‘ಅಚ್ಛಾ, ಫೋಟೋ ಭೇಜೋ’ ಎಂದಳು. ಯಾವ ಫೋಟೋ ಎಂದೆ. ಚಲನ್‌ದು, ಎಂದಳು. ಹಿಂದಿನ ಎರಡನ್ನೂ ಇಟ್ಟುಕೊಂಡಿದ್ದಾಳಂತೆ. ಮಮ್ಮಿ ಹೋದ ಮೇಲೆ ನನ್ನ ಬೇರೆ ಫೋಟೋ ಅವಳಲ್ಲಿ ಇಲ್ಲವಂತೆ. ನೀಲಿ ಷರ್ಟಿನಲ್ಲಿ ನಕ್ಕದ್ದನ್ನು ಮಕ್ಕಳಿಗೂ ತೋರಿಸುತ್ತಾಳಂತೆ. ‘ಭೇಜೋಗೇ ನಾ?’ ಎಂದಳು. ಹ್ಞೂಂ, ಕಳಿಸುತ್ತೇನೆ ಎಂದೆ.

‘ಚಲನ್ ಬಂದಿಲ್ಲ, ಸುಮ್ಮನೆ ನಿನ್ನ ದನಿ ಕೇಳಲು ಫೋನ್ ಮಾಡಿದೆ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಫೋನು ಇನ್ನೂ ಕೈಯಲ್ಲೇ ಇತ್ತು. ಹಾಗೆ ಹೇಳಬಾರದೆಂದು ಯಾವ ಕಂಬಕ್ಕೂ ಬೋರ್ಡು ಹಾಕಿಲ್ಲ. ನಾನು ಫೋನು ಕೆಳಗಿಟ್ಟು ಎದ್ದು, ನಾಳೆಗೆಂದು ತಿಳಿನೀಲಿ ಷರ್ಟಿಗೆ ಇಸ್ತ್ರಿ ಹಾಕತೊಡಗಿದೆ.