ಕೆಸುವಿನ ಎಲೆಯಂಥ ಅಂಗಿ

ನನ್ನ ಎದೆಯ ಮೇಲೆ ಸಾರು ಬೀಳದ ಮದುವೆಯೂಟ ಮೂಡಲಪಾಳ್ಯದ ಇತಿಹಾಸದಲ್ಲೇ ಇಲ್ಲ. ಹೊಟ್ಟೆ ತುಸು ಮುಂದೆ ಬಂದಿದೆ, ಎಲೆ ತುಸು ದೂರವಾಗಿದೆ, ನನ್ನ ತಪ್ಪೇನಿದೆ? ಆದರೆ ಕಲೆ ತಿಕ್ಕಿ ತಿಕ್ಕಿ ರೋಸಿಹೋದ ನನ್ನ ಹೆಂಡತಿ ಶಶಿಕಲಾ, ಅವಳ ತಂಗಿ ಮಗಳ ಮದುವೆಗೆ ಹೊರಡುವಾಗ ರಾಜಾಜ್ಞೆ ಹೊರಡಿಸಿದಳು.

"ಇವತ್ತೊಂದು ಕಲೆ ಬಿತ್ತೋ, ನಾಳೆಯಿಂದ ಮನೆಮಂದಿ ಬಟ್ಟೆಯೆಲ್ಲ ನೀವೇ ಒಗೀಬೇಕು. ಕೈಯಲ್ಲೇ! ಮಿಷನ್ ಮುಟ್ಟಂಗಿಲ್ಲ."

"ಬೀಳಲ್ಲ ಕಣೇ" ಎಂದೆ ಗತ್ತಿನಿಂದ. ಆನ್‌ಲೈನಿನಲ್ಲಿ ತರಿಸಿದ ಸ್ಪ್ರೇಯನ್ನು ಬಿಳಿ ಅಂಗಿಗೆ ಹೊಡೆದು ಒಣಗಿಸಿಟ್ಟಿದ್ದೆ. ಕೆಸುವಿನ ಎಲೆಯನ್ನು ನೋಡಿ ಕಲಿತು ಮಾಡಿದ್ದಂತೆ. ಆ ಎಲೆಯ ಮೇಲೆ ಕಣ್ಣಿಗೆ ಕಾಣದ ಮೇಣದ ಉಬ್ಬುಗಳಿರುತ್ತವೆ. ನೀರು ಅವುಗಳ ತುದಿಯಲ್ಲಷ್ಟೇ ನಿಂತು, ತನ್ನದೇ ಮೇಲ್ಮೈ ಎಳೆತಕ್ಕೆ ಗುಂಡಗಾಗಿ ಉರುಳಿಹೋಗುತ್ತದೆ. (ಇದನ್ನು ಶಶಿಕಲಾಗೆ ವಿವರಿಸಿದೆ. "ಆ ಸ್ಪ್ರೇ ಕಿವಿಗೂ ಹೊಡ್ಕೊಂಡಿದೀರಾ? ನಾನು ಹೇಳಿದ್ದು ಒಂದೂ ಒಳಗಿಳಿಯಲ್ವಲ್ಲ" ಎಂದಳು.)

ಕೆಂಗೇರಿಯ ಛತ್ರದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಅವಳು ಹೊಸ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಊಟ ವಿಚಾರಿಸುತ್ತ ಬಂದ ಹುಡುಗಿಯ ಅಪ್ಪ, ನನ್ನ ಷಡ್ಡಕ ಮಹದೇವ, "ಅಣ್ಣಾ, ಸಾರು ಹುಷಾರು!" ಎಂದು ಎಲ್ಲರೆದುರು ನಕ್ಕ.

ಮಾನದ ಪ್ರಶ್ನೆ! "ಬಾರಯ್ಯ ಇಲ್ಲಿ" ಎಂದವನೇ, ಆರಿದ್ದ ಸಾರಿನ ದೊನ್ನೆ ಎತ್ತಿ ನಾನೇ ಎದೆಯ ಮೇಲೆ ಸುರಿದುಕೊಂಡೆ.

ಅಂಟಲೇ ಇಲ್ಲ! ಸಾರು ಕೆಂಪು ಮಣಿಗಳಾಗಿ ಜಾರಿ ಹೊಟ್ಟೆಯ ದಿಣ್ಣೆಯ ಮೇಲೆ ಕುಣಿಯತೊಡಗಿತು. ಬಡಿಸುವವರು ಬಕೆಟ್ ಹಿಡಿದು ನಿಂತೇಬಿಟ್ಟರು.

"ಏನಣ್ಣಾ ಇದು ಪವಾಡ!" ಎಂದ ಮಹದೇವ.

ನನ್ನ ಮದುವೆಯ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. "ನೋಡೇ, ನೋಡು!" ಎಂದು ಎದೆಯುಬ್ಬಿಸಿ ಹೆಂಡತಿಯ ಕಡೆ ಗಿರಕ್ಕನೆ ತಿರುಗಿದೆ.

ಮಣಿಗಳೂ ತಿರುಗಿದವು. ಒಂದು ಹನಿಯೂ ನಷ್ಟವಾಗದೆ ಇಡೀ ದೊನ್ನೆ ಸಾರು ಅವಳ ಮಡಿಲು ಸೇರಿತು.

"ನಿಮ್ಮ ಅಂಗಿಗೆ ಅಂಟಲ್ಲ, ಸರಿ" ಎಂದಳು ಮೆಲ್ಲಗೆ. (ಅವಳು ಮೆಲ್ಲಗೆ ಮಾತಾಡಿದರೇ ನನಗೆ ಭಯ.) "ಜಾರಿ ಎಲ್ಲಿಗೆ ಹೋಗತ್ತೆ ಅಂತ ಯೋಚ್ನೆ ಮಾಡಿದ್ರಾ?"

"ಅಲ್ಲಾ ಕಣೇ, ನನ್ನ ಅಂಗಿ ಮೇಲೆ ಒಂದು ಚುಕ್ಕೆನೂ..."

"ಬಾಯಿ ಮುಚ್ಕೊಂಡು ಪಾಯಸ ಕುಡೀರಿ. ನಾಳೆಯಿಂದ ಶುರು."

ಸೀರೆ ಡ್ರೈಕ್ಲೀನಿಗೆ ಹೋಯಿತು, ಮಿಕ್ಕಿದ್ದೆಲ್ಲ ನನ್ನ ಪಾಲಿಗೆ ಬಂತು. ಈಗ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದೇನೆ. ಆದರೂ ಒಂದು ಮಾತನ್ನು ತಲೆಯೆತ್ತಿ ಹೇಳುತ್ತೇನೆ: ಈ ರಾಶಿಯಲ್ಲಿ ನನ್ನ ಬಿಳಿ ಅಂಗಿ ಇಲ್ಲ. ಅದೊಂದನ್ನು ಒಗೆಯಬೇಕಾಗಿಯೇ ಇರಲಿಲ್ಲ.